ಬೆಟ್ಟಕ್ಕೆ ಬರಿಗಾಲೋ, ಮೆಟ್ಟೋ?

ಬೆಟ್ಟ ಹತ್ತುವಾಗ ಕಾಲಿಗೆ ಮೆಟ್ಟು ಹಾಕಿದರೆ ಭಕ್ತಿಗೆ ಕುಂದು ಬರುತ್ತದೆಯೇ ಎಂಬ ಜಿಜ್ಞಾಸೆ ಯಾತ್ರಾರ್ಥಿಗಳಲ್ಲಿ ಹಿಂದಿನಿಂದಲೂ ಇದೆ. ಚಿಕ್ಕಮಗಳೂರು ಸೀಮೆಯ ದೇವೀರಮ್ಮನ ಬೆಟ್ಟವನ್ನು ದೀಪಾವಳಿಯಲ್ಲಿ ಬರಿಗಾಲಲ್ಲೇ ಹತ್ತುವವರು ಎಷ್ಟೋ ಜನ. ಹರಕೆ ಅಂದಮೇಲೆ ಅದನ್ನು ಪ್ರಶ್ನಿಸುವ ಅಧಿಕಾರ ಇನ್ನೊಬ್ಬರಿಗಿಲ್ಲ. ಆದರೆ ಇದೇ ನಾಡಿನಲ್ಲಿ ಬಿಳಿಗಿರಿರಂಗನಿಗೆ ಎರಡು ವರ್ಷಕ್ಕೊಮ್ಮೆ ಭಕ್ತರು ದೊಡ್ಡ ಚರ್ಮದ ಪಾದರಕ್ಷೆ ಒಪ್ಪಿಸುತ್ತಾರೆ. ಸ್ವಾಮಿ ಅದನ್ನು ಮೆಟ್ಟಿ ಕಾಡು ಸುತ್ತುತ್ತಾನೆ ಅಂತ ನಂಬಿಕೆ. ದೇವರಿಗೇ ಮೆಟ್ಟು ಬೇಕಾದರೆ ಮನುಷ್ಯರ ಪಾಡೇನು!

ಹರಕೆಯಿಲ್ಲದೆ ಬರುವವರು ಯೋಚಿಸಬೇಕಾದದ್ದು ಬೇರೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನು ಕಾಲುದಾರಿಯಲ್ಲಿ ಹತ್ತುವಾಗ ಒಬ್ಬರ ಕಾಲು ಉಳುಕಿತು ಅನ್ನಿ. ಅಲ್ಲಿಗೆ ವಾಹನ ಬರೋದಿಲ್ಲ. ಜೊತೆಗಿದ್ದವರೇ ಹೆಗಲು ಕೊಟ್ಟು ಇಳಿಸಬೇಕು. ಕಾಲು ತನ್ನದಾದರೂ ಭಾರ ಇನ್ನೊಬ್ಬರ ಮೇಲೆ ಬೀಳುತ್ತದೆ. ಆದ್ದರಿಂದ ಕಾಲಿನ ಕಾಳಜಿಯನ್ನು ಶೋಕಿ ಅನ್ನುವಂತಿಲ್ಲ.

ಹಾಗಂತ ಸಾಲ ಮಾಡಿ ದುಬಾರಿ ಬೂಟು ಕೊಳ್ಳಬೇಕಿಲ್ಲ. ಬೆಳಿಗ್ಗೆ ಹತ್ತಿ ಸಂಜೆ ಇಳಿಯುವವರಿಗೆ ಅಡಿಯಲ್ಲಿ ಆಳವಾದ ಗೀರುಗಳಿರುವ ಸಾಧಾರಣ ಶೂ ಸಾಕು. ಸಂಜೆ ಹೊತ್ತು ಕೊಳ್ಳುವುದು ಒಳ್ಳೆಯದು, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿಕೊಂಡಿರುತ್ತದೆ. ಹಾಕುವ ಕಾಲುಚೀಲವನ್ನೇ ಹಾಕಿ ನೋಡಬೇಕು. ಬೆರಳಿನ ಮುಂದೆ ಒಂದು ಹೆಬ್ಬೆರಳಿನಗಲ ಜಾಗ ಇರಲಿ, ಇಲ್ಲದಿದ್ದರೆ ಇಳಿಯುವಾಗ ಉಗುರು ತಗುಲಿ ಕಪ್ಪಾಗುತ್ತದೆ. ಹಿಮ್ಮಡಿ ಜಾರಬಾರದು. ಹೊಸ ಶೂವನ್ನು ನೇರ ಬೆಟ್ಟಕ್ಕೆ ಹಾಕಿಬಂದು ಗುಳ್ಳೆ ಎಬ್ಬಿಸಿಕೊಳ್ಳುವವರೇ ಹೆಚ್ಚು. ಎರಡು ವಾರ ಊರಲ್ಲೇ ಹಾಕಿ ಪಳಗಿಸಿದರೆ ಈ ತೊಂದರೆ ತಪ್ಪುತ್ತದೆ. ಹತ್ತಿಯ ಕಾಲುಚೀಲ ಬೆವರು ಹಿಡಿದಿಟ್ಟುಕೊಳ್ಳುತ್ತದೆ, ಚೀಲದಲ್ಲಿ ಇನ್ನೊಂದು ಜೊತೆ ಇರಲಿ. ತಲಾ ಎರಡು ಲೀಟರ್ ನೀರು, ಮಳೆಕೋಟು, ಟಾರ್ಚು, ಗಾಯದ ಪಟ್ಟಿ, ಇಷ್ಟಾದರೆ ಆಯಿತು. ಮಕ್ಕಳ ಶಾಲೆಯ ಬ್ಯಾಗೇ ನಡೆಯುತ್ತದೆ.

ಕಷ್ಟ ಬರುವುದು ಮನೆಯೊಳಗಿನ ಲೆಕ್ಕದಲ್ಲಿ. ಮಗನಿಗೆ 3000 ರೂಪಾಯಿಯ ಬೂಟು, ಹಿಂದೆ ಬರುವ ತಾಯಿಗೆ ಸವೆದ ಹವಾಯಿ ಚಪ್ಪಲಿ! ಎಳೆಯ ಕಾಲು ಎಡವಿದರೂ ಸಾವರಿಸಿಕೊಳ್ಳುತ್ತದೆ, ವಯಸ್ಸಾದ ಮೂಳೆ ಮುರಿದರೆ ಕೂಡುವುದು ತಡ. ಅದೇ ದುಡ್ಡಿನಲ್ಲಿ ಇಬ್ಬರಿಗೂ ಸಾಧಾರಣ ಜೋಡು ಬರುತ್ತದಲ್ಲವೇ? ಮೊದಲು ಯಾರ ಕಾಲಿಗೆ ಅಂತ ಕೇಳಿಕೊಳ್ಳುವವರು ಕಡಿಮೆ. ತಾಯಂದಿರೂ ಬಾಯಿಬಿಟ್ಟು ಕೇಳುವುದಿಲ್ಲ. ಸೀರೆಗೆ ಶೂ ಹಾಕಲು ಸಂಕೋಚ ಅನ್ನುವವರಿಗೆ, ಹಿಮ್ಮಡಿಗೆ ಪಟ್ಟಿಯಿದ್ದು ಅಡಿ ಜಾರದ ಸ್ಯಾಂಡಲ್ ಆದರೂ ಆದೀತು. ಆದರೆ ಅಂಗಡಿಗೆ ಅವರನ್ನೇ ಕರೆದೊಯ್ಯಬೇಕು. ಅಂದಾಜಿನಲ್ಲಿ ತಂದುಕೊಟ್ಟರೆ ಅಳತೆ ತಪ್ಪಿದ್ದರೂ "ಇರಲಿ ಬಿಡಪ್ಪ, ಸರಿಯಾಗಿದೆ" ಅಂತ ಹಾಕಿಕೊಂಡು, ದಾರಿಯುದ್ದಕ್ಕೂ ನೋವು ನುಂಗುತ್ತಾರೆ.