ಇಂದಿನ ಚಿಂತನೆ: ಮಾತಿನ ಅಡಿಯ ಮಾತು



ಸಂವಿಧಾನ ದಿನಕ್ಕೆಂದು ಕ್ಯಾಸಂಬಳ್ಳಿ ಕಡೆಯ ನಮ್ಮ ಶಾಲೆಯ ಮಕ್ಕಳಿಗೆ ಕಿರುನಾಟಕ ಕಲಿಸುತ್ತಿದ್ದೇನೆ. ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದ 1901ರ ಪ್ರಸಂಗ ಅದು. ತಂದೆಯನ್ನು ಕಾಣಲು ಹೊರಟ ಬಾಲಕ ಭೀಮ, ಅಣ್ಣನೊಂದಿಗೆ ಮಸೂರು ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳನ್ನು ಸ್ಟೇಷನ್ ಮಾಸ್ಟರ್ ವಿಚಾರಿಸುತ್ತಾರೆ. ಮಹಾರರು ಎಂದು ಗೊತ್ತಾದದ್ದೇ ಅವರ ಮುಖ ಬದಲಾಗುತ್ತದೆ.

ಮಾಸ್ಟರ್ ಪಾತ್ರದ ಹುಡುಗ ಕಣ್ಣು ಕೆಕ್ಕರಿಸಿ ಅರಚುತ್ತಿದ್ದ. ‘ಅರಚಬೇಡಪ್ಪಾ, ಒಂದು ಹೆಜ್ಜೆ ಹಿಂದೆ ಸರಿ, ಸಾಕು’ ಎಂದೆ. ಸರಿದ. ನೋಡುತ್ತಿದ್ದ ಮಕ್ಕಳೆಲ್ಲ ಮೌನವಾದರು.

ರಷ್ಯಾದ ರಂಗನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ (1863–1938) ನಟರಿಗೆ ಕಲಿಸಿದ್ದು ಇದನ್ನೇ. ಆಡಿದ ಮಾತಿನ ಅಡಿಯಲ್ಲಿ ಆಡದ ಮಾತೊಂದು ಹರಿಯುತ್ತಿರುತ್ತದೆ. ಅದಕ್ಕೆ ಸಬ್‌ಟೆಕ್ಸ್ಟ್ ಎನ್ನುತ್ತಾರೆ. ನಮಗೆ ಇದೇನು ಹೊಸದಲ್ಲ. ಬಾಡಿಗೆ ಮನೆ ಕೇಳಲು ಹೋದಾಗ ‘ಯಾವೂರು ಸಾರ್? ಊರಲ್ಲಿ ಮನೆ ಯಾವ ಕಡೆ?’ ಅಂದರೆ ಏನು ಕೇಳುತ್ತಿದ್ದಾರೆಂದು ನಮ್ಮ ಮಕ್ಕಳಿಗೂ ಗೊತ್ತು.

ಆದರೆ ನನ್ನ ಮಾತಿನ ಅಡಿಯಲ್ಲಿ ಏನಿದೆ?

ಭೀಮನ ಪಾರ್ಟು ತನಗೆ ಬೇಕೆಂದು ಒಬ್ಬ ಹುಡುಗ ಎಲ್ಲರಿಗಿಂತ ಮೊದಲೇ ಕೇಳಿದ್ದ. ಮನೆಮಾತು ತೆಲುಗು. ಅಪ್ಪ ಮ್ಯಾನ್‌ಹೋಲ್ ಕೆಲಸಕ್ಕೆ ಹೋಗುವವರು. ‘ನಿನ್ನ ಉಚ್ಚಾರಣೆ ಇನ್ನೂ ತಿದ್ದಬೇಕಪ್ಪಾ, ಮುಂದಿನ ಸಲ ನೋಡೋಣ’ ಎಂದಿದ್ದೆ, ಮೆತ್ತಗೆ. ‘ಆಯ್ತು ಸಾರ್’ ಎಂದು ಬೆಂಚು ಜೋಡಿಸಲು ಹೋದ. ನಾನು ಆರಿಸಿಕೊಂಡವನ ಮನೆಮಾತೂ ತೆಲುಗೇ. ಅವನ ಉಚ್ಚಾರಣೆ ಮಾತ್ರ ನನ್ನ ಕಿವಿಗೆ ಚುಚ್ಚಿರಲಿಲ್ಲ.

ಹಿಂದೆ ಸರಿಯುವುದನ್ನು ಹೇಳಿಕೊಟ್ಟ ಆ ಸಂಜೆ ಹೊಳೆಯಿತು: ಆ ಹೆಜ್ಜೆಯನ್ನು ನಾನು ಆಗಲೇ ಇಟ್ಟಿದ್ದೆ.

ಚೇತನೆಯೇ ಕಮ್ಮ ಎಂದರು ಭಗವಾನ್ ಬುದ್ಧರು. ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ವಾಚಾಕ್ಕಿಂತ ಮೊದಲು ಸಮ್ಮಾ ಸಂಕಪ್ಪ ಬರುತ್ತದೆ. ಸಂಕಲ್ಪ ಶುದ್ಧವಿಲ್ಲದೆ ದನಿ ಮೆತ್ತಗಿದ್ದು ಏನು ಫಲ? 22 ಪ್ರತಿಜ್ಞೆ ಸ್ವೀಕರಿಸುವಾಗ ಎಲ್ಲ ಮನುಷ್ಯರೂ ಸಮಾನರೆಂದು ನನ್ನ ಬಾಯಿ ಹೇಳಿತ್ತು. ಕಿವಿ ಇನ್ನೂ ಹೇಳಿರಲಿಲ್ಲ.

ಹಾಗೆಂದು ಎಲ್ಲರ ಮಾತನ್ನೂ ಅನುಮಾನಿಸಬೇಕಿಲ್ಲ. ಬೇರೆಯವರ ಮನಸ್ಸಿನಲ್ಲಿರುವುದನ್ನು ನಾವು ಊಹಿಸಬಹುದು, ಅಷ್ಟೆ, ಊಹೆ ತಪ್ಪಲೂಬಹುದು. ನಮ್ಮದನ್ನಾದರೆ ನೋಡಿಕೊಳ್ಳಬಹುದು, ತಿದ್ದಿಕೊಳ್ಳಲೂಬಹುದು.

ಮರುದಿನ ಆ ಹುಡುಗನನ್ನು ಕರೆದು ‘ತಪ್ಪು ನನ್ನದಪ್ಪಾ’ ಎಂದೆ. ಅವನೇನೂ ಹೇಳಲಿಲ್ಲ, ಹಾಳೆ ಇಸಿದುಕೊಂಡ. ಈಗ ಇಬ್ಬರು ಭೀಮರು ಸರದಿಯ ಮೇಲೆ ಅಭ್ಯಾಸ ಮಾಡುತ್ತಿದ್ದಾರೆ.

ಇಂದಿನ ಅಭ್ಯಾಸ: ಇವತ್ತು ಯಾರಿಗಾದರೂ ‘ಆಗಲ್ಲ’ ಎನ್ನುವಾಗ, ನಾವು ಕೊಟ್ಟ ಕಾರಣವೇ ನಿಜವಾದ ಕಾರಣವೇ ಎಂದು ಒಮ್ಮೆ ಕೇಳಿಕೊಳ್ಳೋಣ.

ನಮೋ ಬುದ್ಧಾಯ. ಜೈ ಭೀಮ್. 🙏