ಸೋಲಿಗರ ಯೆಲ್ಲೆಯೂ ಒಡೆತನದ ವಿಚಾರವೂ

ಮಾರಬಲ್ಲವನೇ ಒಡೆಯನೆಂಬುದು ಪೇಟೆಯ ನ್ಯಾಯವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಈ ನ್ಯಾಯವು ನಿಲ್ಲದು. ಅವರ ಒಂದೊಂದು ಕುಲಕ್ಕೂ ಕಾಡಿನಲ್ಲಿ ‘ಯೆಲ್ಲೆ’ಯೆಂಬ ಸೀಮೆಯುಂಟು, ದೇವರು, ಮಾರಮ್ಮ, ವೀರು, ಸತ್ತವರ ಕಲ್ಲುಗುಡಿ, ನೀರಿನ ಅಬ್ಬಿ, ಇವೆಲ್ಲವೂ ಅದರೊಳಗಿರುವುವು. ಅದನ್ನು ಯಾರೂ ಕ್ರಯಕ್ಕೆ ಕೊಂಡವರಲ್ಲ, ಯಾರೂ ವಿಕ್ರಯಿಸಲಾರರು. ಹಾಗಾದರೆ ಅವರಿಗೆ ಹಕ್ಕೇ ಇಲ್ಲವೆ?

1974ರಲ್ಲಿ ಆ ಅರಣ್ಯವು ವನ್ಯಜೀವಿಧಾಮವಾಯಿತು. ಠಾವು ಬದಲಿಸುತ್ತ ನಡೆಸಿದ ರಾಗಿಯ ಬೇಸಾಯವು ನಿಂತಿತು. ಹಾಗೆ ಬಿತ್ತಿದವನು ನೆಲದ ಮೇಲೆ ಬೇಲಿಯ ಗುರುತನ್ನುಳಿಸುವನಲ್ಲ. ಕಾಡು ಮರಳಿ ಬೆಳೆಯಲೆಂದು ಬಿಟ್ಟುಕೊಟ್ಟ ಅವನ ಗುಣವೇ ಅವನ ದಾವೆಗೆ ಪ್ರತಿಕೂಲ ಸಾಕ್ಷ್ಯವಾಯಿತಲ್ಲ! 2006ರ ಅರಣ್ಯಹಕ್ಕು ಕಾಯಿದೆಯ ನಿಯಮಗಳು ವೃದ್ಧರ ಹೇಳಿಕೆಯನ್ನೂ ಸಾಕ್ಷ್ಯವೆಂದು ಅಂಗೀಕರಿಸಿ ಈ ಅನ್ಯಾಯವನ್ನು ಕೊಂಚ ತಗ್ಗಿಸಿದುವು. 2011ರಲ್ಲಿ ಅದೇ ಅರಣ್ಯವು ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೂ ಮನ್ನಣೆ ದೊರೆಯಿತು.

ಕಾಯಿದೆಯಂತೆ ಆ ಹಕ್ಕು ಮಕ್ಕಳಿಗೆ ಇಳಿಯುವುದು, ಪರಭಾರೆಯಾಗದು. ಇದು ಅರೆಹಕ್ಕೆಂದು ಕೆಲವರು ಹಳಿಯಬಹುದು. ಅಡವಿಡಲಾಗದ ನೆಲವು ಬಡವನ ಆಪತ್ತಿಗೆ ಒದಗದೆಂಬ ಮಾತು ಸಟೆಯೇನೂ ಅಲ್ಲ. ಆದರೆ ಇಂದಿನವನೊಬ್ಬನ ಸಾಲಕ್ಕಾಗಿ ಮೊಮ್ಮಕ್ಕಳ ಯೆಲ್ಲೆಯು ಕೈಬಿಡಬೇಕೆ? ದೊಡ್ಡಸಂಪಿಗೆಯ ಬುಡವನ್ನು ಅಡವಿಟ್ಟು ಹಣ ತರಲು ಯಾವ ಸೋಲಿಗನು ಹೊರಟಾನು?