ರಸಪರಿತ್ಯಾಗವೂ ಸಂಜೆಯ ಗಾಡಿಯೂ

ವೈದ್ಯರು ಬೇಡವೆಂದರೆಂಬ ಕಾರಣಕ್ಕೆ ಕರಿದ ತಿಂಡಿಯನ್ನು ಬಿಟ್ಟವನು ವ್ರತಿಯೆನಿಸುವನೇ? ನಮ್ಮ ಮನೆಗಳಲ್ಲಿ ಈ ಪ್ರಶ್ನೆ ಇಂದು ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿರುವರೆಂಬ ಅಂದಾಜು ಹೊರಬಿದ್ದಿತು. ಆ ಲೆಕ್ಕದಿಂದ ಶ್ರಾವಕ ಕುಟುಂಬಗಳು ಹೊರಗುಳಿದಿಲ್ಲ. ಮದ್ಯ, ಮಾಂಸ, ಮಧುಗಳನ್ನು ಹುಟ್ಟಿನಿಂದಲೇ ಮುಟ್ಟದ ಮನೆಯಲ್ಲಿಯೂ ರಕ್ತದೊತ್ತಡದ ಮಾತ್ರೆಯ ಡಬ್ಬಿಯಿದೆ. ಅಷ್ಟಮಿ ಚತುರ್ದಶಿಗಳಂದು ಏಕಭುಕ್ತವನ್ನು ತಪ್ಪದೆ ನಡೆಸುವವರೂ ಉಳಿದ ದಿನಗಳ ಸಂಜೆಯ ಚಾಪಲ್ಯವನ್ನು ಗೆಲ್ಲಲಾರದೆ ಬಳಲುತ್ತಿದ್ದಾರೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ನಿರೂಪಿಸುವಾಗ ತ್ಯಾಜ್ಯ ವಸ್ತುಗಳನ್ನು ಬಗೆಬಗೆಯಾಗಿ ವಿಂಗಡಿಸಿದ್ದಾರೆ. ತ್ರಸಜೀವಿಗಳ ಘಾತಕ್ಕೆ ಕಾರಣವಾದುದು, ಪ್ರಮಾದವನ್ನುಂಟುಮಾಡುವುದು, ಫಲ ಅಲ್ಪವಾಗಿ ಹಿಂಸೆ ಬಹಳವಾಗಿರುವ ಹಸಿ ಶುಂಠಿ ಮೂಲಂಗಿಗಳಂತಹುದು, ಇವುಗಳ ಜೊತೆಗೆ ಅನಿಷ್ಟವಾದುದನ್ನೂ ಬಿಡಬೇಕೆಂದರು. ಅನಿಷ್ಟವೆಂದರೆ ತನ್ನ ದೇಹಪ್ರಕೃತಿಗೆ ಒಗ್ಗದ್ದು. ಆದುದರಿಂದ ಆರೋಗ್ಯದ ದೃಷ್ಟಿ ನಮ್ಮ ಆಚಾರಕ್ಕೆ ಹೊರಗಿನದಲ್ಲ. ಆದರೆ ಆಚಾರ್ಯರು ಅಷ್ಟಕ್ಕೇ ನಿಲ್ಲಲಿಲ್ಲ. ಸೇವಿಸಲು ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ಹಿಂದೆ ಸರಿಯುವುದೇ ವ್ರತವೆಂಬುದು ಅವರ ಅಭಿಪ್ರಾಯ. ಕೆಡುಕೆಂದು ತಿಳಿದುದನ್ನು ಬಿಡುವುದು ವಿವೇಕ. ತಿನ್ನಬಹುದಾದುದನ್ನೂ ಇಂತಿಷ್ಟೇ ಸಾಕೆಂದು ತಾನೇ ಗೆರೆ ಎಳೆದುಕೊಂಡಾಗ ಮಾತ್ರ ಆ ವಿವೇಕ ವ್ರತವಾಗುತ್ತದೆ. ಈ ಭೇದ ಬರಿಯ ಶಾಸ್ತ್ರಚರ್ಚೆಯ ಮಾತಲ್ಲ. ನಾಲಗೆಯ ಚಪಲದೊಡನೆ ದಿನವೂ ಹೆಣಗುವವನಿಗೆ ಇದರಿಂದಲೇ ದಾರಿ ತೋರುವುದೆಂದು ನನ್ನ ಭಾವನೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯನ್ನೇ ತೆಗೆದುಕೊಳ್ಳೋಣ. ಕಂಬದಹಳ್ಳಿಯ ಪಂಚಕೂಟ ಬಸದಿ, ಹೊಸಹೊಳಲಿನ ಪಾರ್ಶ್ವನಾಥ ಬಸದಿ, ಶ್ರೀರಂಗಪಟ್ಟಣದ ಆದಿನಾಥ ಬಸದಿಗಳಿರುವ ನೆಲವಿದು. ಸಲ್ಲೇಖನದ ಶಾಸನಗಳನ್ನು ಹೊತ್ತ ಶ್ರವಣಬೆಳಗೊಳದ ಚಿಕ್ಕಬೆಟ್ಟ ನಾಗಮಂಗಲದ ಗಡಿಯಿಂದ ದೂರವಿಲ್ಲ. ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿಗಳು ಇಲ್ಲಿಯ ಊಟ. ಈಗ ಹೊತ್ತು ಮುಳುಗುತ್ತಿದ್ದಂತೆ ಪೇಟೆಯ ಬಸ್ ನಿಲ್ದಾಣದ ಆಸುಪಾಸಿನಲ್ಲಿ ತಳ್ಳುಗಾಡಿಗಳ ದೀಪಗಳು ಹೊತ್ತಿಕೊಳ್ಳುತ್ತವೆ. ಗೋಬಿ ಮಂಚೂರಿ, ನೂಡಲ್ಸ್, ಪಾನಿಪೂರಿ, ಫ್ರೈಡ್ ರೈಸ್ ಎಂದು ಫಲಕ ತೂಗುತ್ತದೆ. ಕಾಲೇಜು ಮುಗಿಸಿ ಹಳ್ಳಿಯ ಬಸ್ಸಿಗೆ ಕಾಯುವ ಹುಡುಗನಿಗೆ ಹಸಿವೂ ಇದೆ, ಜೊತೆಗಾರರೂ ಇದ್ದಾರೆ. ಮೈಸೂರು ಬೆಂಗಳೂರುಗಳಲ್ಲಿ ಓದುವ ಮಕ್ಕಳಿಗಂತೂ ಗಾಡಿಯವರೆಗೆ ನಡೆಯುವ ಶ್ರಮವೂ ಇಲ್ಲ. ಮೊಬೈಲಿನ ಮೇಲೆ ಬೆರಳಿಟ್ಟರೆ ತಿಂಡಿ ಬಾಗಿಲಿಗೇ ಬರುತ್ತದೆ. ಹಾಗೆಂದು ಚಾಪಲ್ಯ ಈ ಕಾಲದ ಸೃಷ್ಟಿಯೇನೂ ಅಲ್ಲ. ರೈಲು ಮದ್ದೂರಿನಲ್ಲಿ ನಿಂತೊಡನೆ ಈರುಳ್ಳಿ ಬೆರೆತ ವಡೆಯ ವಾಸನೆಗೆ ಕತ್ತು ಹೊರಳಿಸಿದವರು ನಮ್ಮ ಅಜ್ಜಂದಿರ ಕಾಲದಲ್ಲಿಯೂ ಇದ್ದಿರಬೇಕು.

ಗೋಬಿಯ ವಿಷಯವಾಗಿ ಎರಡು ಮಾತು ಹೇಳಬೇಕು. ಹೂಕೋಸಿನ ಸಂದುಗಳಲ್ಲಿ ಹುಳುಗಳು ಅಡಗಿರುತ್ತವೆಂದು, ಎಷ್ಟು ತೊಳೆದರೂ ಶೋಧನೆ ಪೂರ್ಣವಾಗದೆಂದು ನಮ್ಮ ಅನೇಕ ಮನೆಗಳು ಅದನ್ನು ಒಳಗೆ ತರುತ್ತಿರಲಿಲ್ಲ. ಅದೇ ಹೂಕೋಸು ಬೆಳ್ಳುಳ್ಳಿಯೊಡನೆ ಕೆಂಪಾಗಿ ಬಂದಾಗ ಆ ವಿಚಾರ ಮರೆತುಹೋಯಿತು. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಳಪಡಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಆಗ ಕಂಡುಬಂದಿತ್ತು. ಅಂದು ಹಲವರು ಹೆದರಿ ಬಿಟ್ಟರು. ಬಣ್ಣವಿಲ್ಲದ ಗೋಬಿ ಬಂದೊಡನೆ ಮತ್ತೆ ಹಿಡಿದರು. ಭಯದಿಂದ ಬಿಟ್ಟುದು ಭಯ ಕಳೆದೊಡನೆ ಮರಳುವುದರಲ್ಲಿ ಆಶ್ಚರ್ಯವೇನಿದೆ?

ಇಲ್ಲಿ ಕಿರಿಯರ ಪರವಾಗಿಯೂ ಒಂದು ಮಾತು ಹೇಳುವುದು ನ್ಯಾಯ. ಮನಸ್ಸು ಗಟ್ಟಿಯಿಲ್ಲದ್ದರಿಂದಲೇ ತಿನ್ನುತ್ತೀರೆಂದು ಗದರಿಸುವುದು ಅರ್ಧ ಸತ್ಯವಷ್ಟೇ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಬಹುವಾಗಿ ಸಂಸ್ಕರಿಸಿದ ಆಹಾರವನ್ನೂ, ಎರಡು ವಾರ ಸಹಜ ಆಹಾರವನ್ನೂ ಕೊಟ್ಟು ನೋಡಿದರು. ಬಡಿಸಿದ ಊಟಗಳಲ್ಲಿ ಸಕ್ಕರೆ, ಕೊಬ್ಬು, ಉಪ್ಪು, ನಾರುಗಳ ಪ್ರಮಾಣ ಎರಡರಲ್ಲಿಯೂ ಸಮನಾಗಿತ್ತು. ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವೂ ಇತ್ತು. ಸಂಸ್ಕರಿಸಿದ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಹೆಚ್ಚು ತಿಂದರು. ವಸ್ತುವೇ ಕೈಯನ್ನು ಎಳೆಯುವಂತಿರುತ್ತದೆ ಎಂದಾಯಿತು. ವಿಷಯದ ಸಾಮೀಪ್ಯವನ್ನೇ ಎಚ್ಚರಿಕೆಯಿಂದ ನೋಡಬೇಕೆಂದು ನಮ್ಮ ಆಚಾರ್ಯರು ಹೇಳಿದುದು ಮನುಷ್ಯನನ್ನು ಹೀಗಳೆಯುವುದಕ್ಕಲ್ಲ, ರಸನೇಂದ್ರಿಯದ ಸ್ವಭಾವವನ್ನು ಬಲ್ಲವರಾದ್ದರಿಂದ.

ತತ್ತ್ವಾರ್ಥಸೂತ್ರವು ಹೇಳುವ ಆರು ಬಾಹ್ಯ ತಪಗಳಲ್ಲಿ ರಸಪರಿತ್ಯಾಗವೊಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಇವು ಆ ರಸಗಳು. ಇಂದಿನ ಫಾಸ್ಟ್ ಫುಡ್ಡಿನ ರುಚಿ ನಿಂತಿರುವುದು ಇವುಗಳಲ್ಲಿ ಕೊನೆಯ ಮೂರರ ಮೇಲೆಯೇ ಎಂಬುದನ್ನು ಗಮನಿಸಬೇಕು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ, ವಾರದಲ್ಲಿ ಒಂದು ದಿನ ಉಪ್ಪಿಲ್ಲದೆ ಉಂಡು ನೋಡುವ ಅಭ್ಯಾಸ ನಮ್ಮಲ್ಲಿತ್ತು. ಕೆಲವು ಮನೆಗಳಲ್ಲಿ ಈಗಲೂ ಭಾನುವಾರ ಉಪ್ಪು, ಶನಿವಾರ ಎಣ್ಣೆ ಎಂದು ಬಿಡುವವರಿದ್ದಾರೆ. ಸಪ್ಪೆ ಸಾರನ್ನು ಮೊದಲ ವಾರ ಉಣ್ಣುವುದು ಕಷ್ಟ. ಕೆಲವು ವಾರ ಕಳೆದ ಮೇಲೆ ರಾಗಿಗೂ ಅವರೆಗೂ ತಮ್ಮದೇ ಆದ ರುಚಿಯಿದೆಯೆಂಬುದು ನಾಲಗೆಗೆ ತಿಳಿಯುತ್ತದೆ. ಕರಿದುದರ ಆಕರ್ಷಣೆ ಕುಗ್ಗಲು ಇದಕ್ಕಿಂತ ಸಹಜವಾದ ಉಪಾಯ ನನಗೆ ಕಂಡಿಲ್ಲ.

ಇನ್ನು ‘ಜೈನ್’ ಎಂದು ಹೆಸರಿಟ್ಟು ಮಾರುವ ತಿಂಡಿಗಳ ಸಂಗತಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳಿಲ್ಲದ ಪಿಜ್ಜಾ, ಪಾವ್ ಭಾಜಿಗಳು ದೊಡ್ಡ ಊರುಗಳಲ್ಲಿ ದೊರೆಯುತ್ತವೆ. ಕಂದಮೂಲವಿಲ್ಲವೆಂದ ಮೇಲೆ ದೋಷವೇನೆಂದು ಮಕ್ಕಳು ಕೇಳುವುದು ಯುಕ್ತವಾದ ಪ್ರಶ್ನೆಯೇ. ಹಿಂಸೆ ಕಡಿಮೆಯಾಯಿತೆಂಬುದನ್ನು ಒಪ್ಪಬೇಕು. ಹಿರಿಯರು ಅದನ್ನೂ ನಿರಾಕರಿಸಿ ಮುಖ ಸಿಂಡರಿಸಿದರೆ ಮಕ್ಕಳಿಗೆ ಆಚಾರದ ಮೇಲೆಯೇ ಬೇಸರ ಬಂದೀತು. ಆದರೆ ಭೋಗಕ್ಕೆ ಪರಿಮಾಣ ಹಾಕಿಕೊಂಡೆವೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ತಟ್ಟೆಯಿಂದ ಈರುಳ್ಳಿಯನ್ನು ತೆಗೆದವರು ಬೇರೆಯವರು, ತಿನ್ನುವವನು ತೆಗೆದುದು ಏನೂ ಇಲ್ಲ.

ಪರಿಮಾಣ ಹೇಗೆ? ಸಮಂತಭದ್ರರು ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವನಪರ್ಯಂತದ ತ್ಯಾಗವನ್ನು ಯಮವೆಂದೂ ಕರೆದರು. ಇಂದು, ಈ ರಾತ್ರಿ, ಈ ಪಕ್ಷ, ಈ ತಿಂಗಳು ಎಂದು ಮಿತಿ ಹಾಕಿಕೊಳ್ಳಬಹುದು. ಆವೇಶದಲ್ಲಿ ‘ಇನ್ನು ಜನ್ಮದಲ್ಲಿ ಮುಟ್ಟೆನು’ ಎನ್ನುವವನಿಗಿಂತ ‘ಈ ಚಾತುರ್ಮಾಸದಲ್ಲಿ ಅಂಗಡಿಯ ಕರಿದ ತಿಂಡಿಯಿಲ್ಲ’ ಎನ್ನುವವನು ಹೆಚ್ಚು ದೂರ ಹೋಗುತ್ತಾನೆ. ಗೆರೆ ಮೊದಲೇ ಎಳೆದಿದ್ದರೆ ಗಾಡಿಯ ಮುಂದೆ ನಿಂತು ದಿನವೂ ಮನಸ್ಸಿನೊಡನೆ ಚೌಕಾಸಿ ಮಾಡುವ ಅಗತ್ಯವಿರದು. ರಾತ್ರಿಭೋಜನ ತ್ಯಾಗವೊಂದನ್ನೇ ನೋಡಿ. ಸೂರ್ಯಾಸ್ತಕ್ಕೆ ಮೊದಲು ಉಂಡು ಕೈತೊಳೆದವನಿಗೂ ದೀಪ ಹೊತ್ತಿದ ಮೇಲೆ ತೆರೆಯುವ ಗಾಡಿಗೂ ವ್ಯವಹಾರವೇ ಇಲ್ಲ. ಸಂಜೆ ಐದರ ವೇಳೆಗೆ ಮನೆಯಲ್ಲಿ ಬಿಸಿಯಾದ ಊಟ ಸಿದ್ಧವಿರಬೇಕಷ್ಟೆ. ಅದು ಸಿದ್ಧವಿಲ್ಲದೆ ಮಕ್ಕಳನ್ನು ದೂರುವ ಹಿರಿಯರೂ ಇದ್ದಾರೆ!

ಆದರೂ ತಪ್ಪು ನಡೆಯುತ್ತದೆ. ಆಹಾರವನ್ನು ತಿದ್ದಿಕೊಳ್ಳಹೊರಟವರು ಬಹಳ ಮಂದಿ ಸೋಲುವುದು ಮೊದಲ ತುತ್ತಿನಿಂದಲ್ಲ, ಆ ತುತ್ತಿನ ಅನಂತರದ ಮಾತಿನಿಂದ: ‘ಹೇಗೂ ಕೆಟ್ಟಿತು, ಇನ್ನು ಪೂರ್ತಿ ತಿಂದರಾಯಿತು.’ ಅಮಿತಗತಿ ಆಚಾರ್ಯರ ವಿಂಗಡಣೆ ಇಲ್ಲಿ ಬಹಳ ಉಪಕಾರಿ. ಮನಸ್ಸಿನ ಶುದ್ಧಿ ಕದಡಿದರೆ ಅತಿಕ್ರಮ, ಶೀಲದ ಬೇಲಿಯನ್ನು ದಾಟಿದರೆ ವ್ಯತಿಕ್ರಮ, ವಿಷಯದಲ್ಲಿ ತೊಡಗಿದರೆ ಅತಿಚಾರ, ಅದರಲ್ಲಿಯೇ ಅತ್ಯಾಸಕ್ತನಾದರೆ ಅನಾಚಾರ. ಪರಿಮಳಕ್ಕೆ ಮನ ಸೋತುದು, ಬಸ್ಸಿನಿಂದಿಳಿದು ಗಾಡಿಯಿರುವ ಬೀದಿಯನ್ನೇ ಹಿಡಿದುದು, ಎರಡು ಚೂರು ತಿಂದುದು, ಬಳಿಕ ವ್ರತವನ್ನೇ ಕೈಬಿಟ್ಟುದು, ಇವು ನಾಲ್ಕೂ ಒಂದೇ ಅಲ್ಲ. ಪ್ರತಿ ಹೆಜ್ಜೆಯ ನಡುವೆಯೂ ಹಿಂದಿರುಗುವ ಎಡೆಯಿದೆ. ಅತಿಚಾರಕ್ಕೆ ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳಿವೆ.

ಇದಕ್ಕಿಂತ ಕೆಟ್ಟುದು ಬಚ್ಚಿಟ್ಟುಕೊಂಡು ತಿನ್ನುವುದು. ಹೊಟ್ಟೆಗೆ ಹೋದ ಎಣ್ಣೆ ಕೆಲವು ದಿನಗಳಲ್ಲಿ ಕರಗೀತು, ಆದರೆ ಮಾಯಾಕಷಾಯ ಬೆಳೆಯುತ್ತದೆ. ಮನೆಯವರ ಗದರಿಕೆಗೆ ಅಂಜಿ ಮಕ್ಕಳು ಸುಳ್ಳು ಕಲಿತರೆ ಅದರಲ್ಲಿ ಗದರಿಸಿದವರ ಪಾಲೂ ಇದೆ. ಬಿಟ್ಟವನಿಗೂ ಅಪಾಯ ತಪ್ಪಿದ್ದಲ್ಲ. ತಿನ್ನುವ ಗೆಳೆಯರನ್ನು ಹೀನವಾಗಿ ಕಾಣುತ್ತ, ಒಲೆಯ ಮುಂದೆ ಬೆವರಿಳಿಸಿ ದುಡಿಯುವ ಗಾಡಿಯವನನ್ನು ಪಾಪಿಯೆಂಬಂತೆ ನೋಡುತ್ತ ನಿಂತರೆ ಮಾನಕಷಾಯ ಒಳಹೊಕ್ಕಿತೆಂದೇ ಅರ್ಥ. ಗೆಳೆಯರೊಡನೆ ನಿಂತು, ಒಂದು ಬಾಳೆಹಣ್ಣನ್ನೋ ಎಳನೀರನ್ನೋ ಕೊಂಡು, ನಗುತ್ತ ಮಾತನಾಡಿ ಬರಲು ಸಾಧ್ಯವಿದೆ.

ಕಡೆಗೆ ಪಾರಣೆಯ ವಿಷಯ. ಉಪವಾಸದ ಮರುದಿನ ಪೂರಿ, ಬೋಂಡ, ಹೋಳಿಗೆಗಳ ಸಾಲು ಹಿಡಿದರೆ ಹಿಂದಿನ ದಿನವೆಲ್ಲ ಮನಸ್ಸು ಅವುಗಳನ್ನೇ ಜಪಿಸುತ್ತಿತ್ತೆಂದು ತಿಳಿಯಬೇಕು. ಪ್ರೋಷಧೋಪವಾಸದಲ್ಲಿ ಉಪವಾಸದ ಜೊತೆಗೆ ಒಂದೇ ಹೊತ್ತಿನ ಊಟವನ್ನು ಹೇಳಿರುವುದು ಇದಕ್ಕೇ ಇರಬೇಕು. ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುವವರಂತೂ ವೈದ್ಯರನ್ನು ಕೇಳಿಯೇ ಉಪವಾಸಕ್ಕೆ ತೊಡಗಬೇಕು. ಅವರಿಗೆ ಹೊಟ್ಟೆ ತುಂಬ ಉಣ್ಣದ ಅವಮೋದರ್ಯವೂ ರಸಪರಿತ್ಯಾಗವೂ ತೆರೆದೇ ಇವೆ, ಅವೂ ತಪಗಳೇ.

ಕಬ್ಬಿನ ಗದ್ದೆಗಳ ನಡುವೆ, ಆಲೆಮನೆಯ ಪರಿಮಳದಲ್ಲಿ ಬದುಕುವ ಈ ಸೀಮೆಯವರಿಗೆ ಆದಿನಾಥ ಸ್ವಾಮಿಯ ಪಾರಣೆಯ ಕಥೆ ವಿಶೇಷವಾಗಿ ಹತ್ತಿರದ್ದು. ಪಂಪನ ಆದಿಪುರಾಣದಲ್ಲಿಯೂ ಅದು ಬಂದಿದೆ. ಆರು ತಿಂಗಳ ಉಪವಾಸ ಮುಗಿದ ಮೇಲೂ, ಮುನಿಗೆ ಆಹಾರ ಕೊಡುವ ವಿಧಿಯನ್ನರಿಯದ ಜನ ಒಡವೆ ವಸ್ತ್ರ ವಾಹನಗಳನ್ನು ತಂದು ಮುಂದಿಟ್ಟರು. ಸ್ವಾಮಿ ಏನನ್ನೂ ಬೇಡದೆ, ಯಾರ ಮೇಲೂ ಮುನಿಯದೆ ತಿಂಗಳುಗಟ್ಟಲೆ ಮುಂದೆ ನಡೆದನು. ಹಸ್ತಿನಾಪುರದಲ್ಲಿ ಶ್ರೇಯಾಂಸನಿಗೆ ಪೂರ್ವಜನ್ಮದ ಸ್ಮರಣೆಯಿಂದ ವಿಧಿ ಹೊಳೆದು, ಅವನು ಕಬ್ಬಿನ ಹಾಲನ್ನು ಎರೆದನು. ರಸಗಳಲ್ಲಿ ಸಿಹಿಯಾದುದು ಅದು; ಸ್ವಾಮಿ ಅದನ್ನು ಬೇಡವೆನ್ನಲಿಲ್ಲ. ನಿಂತೇ, ಜೋಡಿಸಿದ ಅಂಗೈಗಳಲ್ಲಿ ಹಿಡಿದಷ್ಟನ್ನು ಸ್ವೀಕರಿಸಿ, ಮತ್ತೆ ಕಾಡಿನ ಕಡೆಗೆ ಹೊರಟುಹೋದನು. ಅಕ್ಷಯ ತೃತೀಯೆಯಂದು ಅನೇಕ ಬಸದಿಗಳಲ್ಲಿ ಅದರ ನೆನಪಿಗಾಗಿ ಕಬ್ಬಿನ ಹಾಲನ್ನು ಹಂಚುತ್ತಾರೆ, ಒಬ್ಬೊಬ್ಬರಿಗೂ ಒಂದು ಚಿಕ್ಕ ಲೋಟದಷ್ಟು.